ಕಪ್ಪು ಪರದೆಯ ಅಕ್ಕನವರು ಮತ್ತು ದಾದಿಯರ ಮೊದಲ ಬಸ್ಸು

ಸಾರಿಗೆಯ ಲೋಕದಲ್ಲಿ ಹೆಸರು ಮಾಡಿದವರು ಯಾರೆಂದು ಕೇಳಿದರೆ ಜನ ಸ್ಟಿಯರಿಂಗ್ ಹಿಡಿದವರನ್ನು ನೆನೆಯುತ್ತಾರೆ, ಇಲ್ಲವೇ ಚಿಲ್ಲರೆ ಕೊಡದೆ ಇಳಿಸಿಹೋದವರನ್ನು ನೆನೆಯುತ್ತಾರೆ. ಯಾವ ಬಸ್ಸಿಗೆ ಯಾವ ಡ್ರೈವರು, ಅವನ ಜೊತೆಗೆ ಯಾವ ಕಂಡಕ್ಟರು, ಯಾವ ದಾರಿಗೆ ಯಾವ ಹೊತ್ತಿಗೆ ಎಂಬುದನ್ನು ಒಂದು ಕಿಟಕಿಯ ಹಿಂದೆ ಕುಳಿತು ಗೊತ್ತುಮಾಡಿ, ಅಂಗೈಯಗಲದ ಚೀಟಿಯಲ್ಲಿ ಕೈಗಿಡುವ ಡ್ಯೂಟಿ ಗುಮಾಸ್ತರನ್ನು ನೆನೆಯುವವರಿಲ್ಲ. ಚೀಟಿ ಸಿಗದ ದಿನ ಮಾತ್ರ ಎಲ್ಲರೂ ನೆನೆಯುತ್ತಾರೆ. ಆಗ ನೆನೆಯುವ ಮಾತುಗಳು ಇಂಥ ಅಭಿನಂದನ ಸಂಪುಟದಲ್ಲಿ ಅಚ್ಚಾಗುವಂಥವಲ್ಲ. ಇಂಥ ಕಿಟಕಿಯ ಹಿಂದೆ ತಮ್ಮ ಸೇವಾವಧಿಯ ಬಹುಪಾಲನ್ನು ಕಳೆದು, ಬೈಗುಳಕ್ಕಿಂತ ಹೆಚ್ಚು ಹರಕೆಗಳನ್ನು ಸಂಪಾದಿಸಿ, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಡಿಪೋದ ಡ್ಯೂಟಿ ವಿಭಾಗದ ಅಕ್ಕನವರು ಆ ವೃತ್ತಿಯಲ್ಲಿ ಒಂದು ಅಪರೂಪ. ಅವರಿಗೆ ತಂದೆತಾಯಿ ಇಟ್ಟ ಹೆಸರೊಂದಿದೆ ಎಂದು ಸಂಬಳದ ವಿಭಾಗದವರು ಹೇಳುತ್ತಾರೆ. ಉಳಿದ ನಮಗೆಲ್ಲ ಅವರು ಅಕ್ಕ. ಬೆನ್ನ ಹಿಂದೆ, ಅದೂ ಪ್ರೀತಿಯಿಂದ, ಕಪ್ಪು ಪರದೆ ಅಕ್ಕ.

ಅವರು ಬೆರಳಚ್ಚುಗಾರ್ತಿಯಾಗಿ ಸೇರಿ ಡ್ಯೂಟಿ ವಿಭಾಗಕ್ಕೆ ಬಂದ ಕಾಲದಲ್ಲಿ ಡ್ಯೂಟಿಯನ್ನು ಗೇಟಿನ ಪಕ್ಕದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಮಳೆಗೆ ಹಲಗೆ ತೊಯ್ದ ದಿನ ಎಲ್ಲ ಡ್ರೈವರುಗಳೂ ತಮ್ಮ ಹೆಸರು ಹೊಸ ಬಸ್ಸಿನ ಮುಂದೆಯೇ ಇತ್ತೆಂದು ಆಣೆ ಹಾಕುತ್ತಿದ್ದರು. ಯಾರ ಆಣೆ ಸುಳ್ಳು, ಯಾರ ಕಷ್ಟ ನಿಜ ಎಂಬುದನ್ನು ಮುಖ ನೋಡಿಯೇ ಅಳೆಯುವ ವಿದ್ಯೆಯನ್ನು ಅಕ್ಕನವರು ಆಗಲೇ ಕಲಿತರು. ಹೆಂಡತಿಯನ್ನು ಹೆರಿಗೆಗೆ ಸೇರಿಸಿದ್ದ ಕಂಡಕ್ಟರೊಬ್ಬನಿಗೆ ರಜೆ ಕೊಡುವ ಅಧಿಕಾರ ಅವರಿಗಿರಲಿಲ್ಲ. ಆದರೆ ಆಸ್ಪತ್ರೆಯ ಮುಂದೆಯೇ ಸುತ್ತುವ ಮಾರ್ಗ ಕೊಡುವ ಅಧಿಕಾರವಿತ್ತು. ಅವನು ಪ್ರತಿ ಸುತ್ತಿನಲ್ಲೂ ಬಾಗಿಲಿಗೆ ಜೋತುಬಿದ್ದು, "ಆಯ್ತಾ?" ಎಂದು ಕಾವಲುಗಾರನನ್ನು ಕೂಗುತ್ತಿದ್ದ, ಮಧ್ಯಾಹ್ನದ ಹೊತ್ತಿಗೆ ಕಾವಲುಗಾರ, "ಹೆಣ್ಣು!" ಎಂದು ಕೂಗಿ ಹೇಳಿದಾಗ ಇಡೀ ಬಸ್ಸು ಚಪ್ಪಾಳೆ ತಟ್ಟಿತು. ಆ ಹುಡುಗಿ ಈಗ ಈ ಸಂಪುಟದ ಮುಖಪುಟ ಬರೆದಿದ್ದಾಳೆ ಎಂಬುದನ್ನು ಸಂಪಾದಕರು ವಿನಯದಿಂದ ಎಲ್ಲೂ ಹೇಳಿಲ್ಲವಾದ್ದರಿಂದ ಇಲ್ಲಿ ಹೇಳಬೇಕಾಯಿತು.

ಆಮೇಲೆ ಕಂಪ್ಯೂಟರು ಬಂತು. ಕೇಂದ್ರ ಕಚೇರಿಯಲ್ಲಿ ದುಡಿದು ದಣಿದು ಅಲ್ಲಿಂದ ನಮ್ಮ ಡಿಪೋಗೆ ಇಳಿದುಬಂದ ಹಳೆಯ ಡೆಸ್ಕ್‌ಟಾಪ್ ಅದು. ಒಳಗೆ ಯಂತ್ರವನ್ನು ನಡೆಸಲು ಲಿನಕ್ಸ್ ಎಂಬ ವ್ಯವಸ್ಥೆ ಇತ್ತು. ಡ್ಯೂಟಿ ಹಂಚುವ ತಂತ್ರಾಂಶ ಸಣ್ಣದು, ಚುರುಕಾದದ್ದು. ಅಂಕಿ ಒತ್ತಿದರೆ ಚೀಟಿ ಅಚ್ಚಾಗಬೇಕು, ಅಷ್ಟೇ. ಆದರೆ ಆ ಕಾಲಕ್ಕೆ ನಮಗೆ ಡಿಪೋ ಮ್ಯಾನೇಜರರಾಗಿದ್ದ ಸಾಹೇಬರು ಸೌಂದರ್ಯೋಪಾಸಕರು. ಗ್ರೀಸು ಮೆತ್ತಿದ ಗೋಡೆ, ಡೀಸೆಲ್ ವಾಸನೆಯ ಅಂಗಳ, ಹರಿದ ಸೀಟುಗಳ ರಾಶಿಗಳ ನಡುವೆ ಅವರ ಪಾಲಿಗೆ ಸುಂದರವೆಂಬುದು ಇದ್ದದ್ದು ಆ ಪರದೆಯೊಂದೇ. ಅದರ ಮೇಲೆ ಅವರು ಒಂದು ಜಲಪಾತ ಇಳಿಸಿದರು, ಮೂಲೆಯಲ್ಲಿ ಮುಳ್ಳುಗಳ ಗಡಿಯಾರ ಕೂರಿಸಿದರು, ಕೊನೆಗೆ ಈಜುವ ಮೀನುಗಳನ್ನು ಬಿಟ್ಟರು. ಮೀನುಗಳು ಗುಳ್ಳೆ ಬಿಡುತ್ತ ಈಚೆಯಿಂದಾಚೆ ಹೋಗುತ್ತಿದ್ದವು. ಅವುಗಳನ್ನು ಹೊತ್ತು ಬೆಳಗ್ಗೆ ಏಳುವಷ್ಟರಲ್ಲಿ ಆ ಮುದಿಯಂತ್ರಕ್ಕೆ ಏದುಸಿರು ಬರುತ್ತಿತ್ತು. ಮೊದಲು ಜಲಪಾತ ತುಂಡುತುಂಡಾಗಿ ಇಳಿಯಬೇಕು, ಆಮೇಲೆ ಗಡಿಯಾರ ಮೂಡಬೇಕು, ಆಮೇಲೆ ಮೀನು ಒಂದೊಂದಾಗಿ ಬರಬೇಕು. ಅಕ್ಕನವರ ಚೀಟಿಯ ಸರದಿ ಎಲ್ಲರಿಗಿಂತ ಕೊನೆಗೆ. ಕಿಟಕಿಯಾಚೆ ಡ್ರೈವರು ಕಂಡಕ್ಟರುಗಳು ಚಹಾ ಕುಡಿದು ಮುಗಿಸಿ, ಇನ್ನೊಂದು ಕುಡಿದು, ರಾಜಕೀಯವನ್ನೂ ಮುಗಿಸಿ, ಪರಸ್ಪರರ ಮನೆತನದ ವಿಚಾರಕ್ಕೆ ಇಳಿಯುತ್ತಿದ್ದರು.

ಇದೆಲ್ಲ ನಗುವ ವಿಷಯವಾಗಿಯೇ ಉಳಿಯುತ್ತಿತ್ತೇನೋ. ಆದರೆ ನಮ್ಮ ಮೊದಲ ಬಸ್ಸು ಗುಡ್ಡದ ಮೇಲಿನ ದೊಡ್ಡ ಆಸ್ಪತ್ರೆಗೆ ಹೋಗುವ ಬಸ್ಸು. ಬೆಳಗಿನ ಪಾಳಿಯ ದಾದಿಯರು ಅದರಲ್ಲೇ ಹೋಗಬೇಕು. ಅವರು ಮುಟ್ಟುವ ತನಕ ರಾತ್ರಿಪಾಳಿಯವರು ವಾರ್ಡು ಬಿಟ್ಟು ಇಳಿಯುವಂತಿಲ್ಲ. ಆ ಬಸ್ಸು ದಿನಾ ತಡವಾಗತೊಡಗಿತು. ಒಂದು ಬೆಳಗ್ಗೆ ಹಿರಿಯ ದಾದಿಯೊಬ್ಬರು, ಎತ್ತರದ ಆಳು, ಅದಕ್ಕೆ ತಕ್ಕ ದನಿ, ನಿಲ್ದಾಣದಲ್ಲಿ ಕಾಯುವುದನ್ನು ಬಿಟ್ಟು ಸೀದಾ ಡಿಪೋದೊಳಗೆ ನಡೆದು ಬಂದು ಕಿಟಕಿಗೆ ಮುಖವಿಟ್ಟರು.

"ಏನಮ್ಮಾ, ಬಸ್ ಕೆಟ್ಟಿದ್ಯಾ?"

"ಬಸ್ ಚೆನ್ನಾಗಿದೆ ಸಿಸ್ಟರ್. ಕಂಪ್ಯೂಟರ್ ಇನ್ನೂ ಎದ್ದಿಲ್ಲ."

"ಎದ್ದಿಲ್ಲ ಅಂದ್ರೆ? ಅದಕ್ಕೇನು ಬಾಣಂತನಾನಾ? ಅದು ಏಳೋ ಹೊತ್ತಿಗೆ ನನ್ನ ಪೇಷಂಟುಗಳೇ ಎದ್ದು ಮನೆಗೆ ಹೋಗಿರ್ತಾರೆ. ನಿನ್ನೆ ರಾತ್ರಿಯವಳು ನಿಂತ ನಿಲುವಿನಲ್ಲೇ ತೂಕಡಿಸಿ ಇಂಜೆಕ್ಷನ್ ಟ್ರೇ ಬೀಳಿಸಿದ್ಲು. ನಾಳೆ ಟ್ರೇ ಬದಲು ಇನ್ನೇನಾದ್ರೂ ಬಿದ್ರೆ?"

ಅಕ್ಕನವರು ಪರದೆಯ ಕಡೆ ತಿರುಗಿದರು. ಅಲ್ಲಿ ಕೆಂಪು ಮೀನೊಂದು ಆಗತಾನೆ ಬಾಲದವರೆಗೆ ಮೂಡಿತ್ತು. ಮುಖವಿನ್ನೂ ಬಂದಿರಲಿಲ್ಲ. ಆ ಬಾಲವನ್ನು ನೋಡಿ ತಮಗೆ ಬಂದಷ್ಟು ಸಿಟ್ಟು ಜೀವಮಾನದಲ್ಲಿ ಯಾವ ಮನುಷ್ಯನ ಮೇಲೂ ಬಂದಿರಲಿಲ್ಲವೆಂದು ಅವರು ಈಗಲೂ ಹೇಳುತ್ತಾರೆ.

ಅದೇ ದಿನ ಅವರು ಕೇಂದ್ರ ಕಚೇರಿಯ ತಂತ್ರಜ್ಞನಿಗೆ ಫೋನು ಮಾಡಿದರು. ಆತ ಒಳ್ಳೆಯ ಮನುಷ್ಯ, ಕಷ್ಟ ಕೇಳಿದವನೇ, "ಅಕ್ಕಾ, ನಿಮ್ಮ ಮೆಷಿನ್‌ಗೆ ಚಿತ್ರದ ಪರದೆಯೇ ಬೇಡ. ಬರೀ ಅಕ್ಷರದ ಪರದೆಗೆ ಏಳೋ ಹಾಗೆ ಮಾಡೋಣ" ಎಂದು ಮೊದಲು ತಾತ್ಕಾಲಿಕ ಉಪಾಯ ಹೇಳಿಕೊಟ್ಟ. ಯಂತ್ರ ಏಳುವಾಗ ಕಾಣುವ ಮೊದಲ ಪಟ್ಟಿಯ ಮೇಲೆ ಇ ಎಂಬ ಕೀಲಿ ಒತ್ತಬೇಕು, ಲಿನಕ್ಸ್ ಎಂದು ಶುರುವಾಗುವ ಉದ್ದ ಸಾಲಿನ ತುದಿಗೆ ಹೋಗಿ ಒಂದು ಜಾಗ ಬಿಟ್ಟು ಮೂರು ಎಂಬ ಅಂಕಿ ಸೇರಿಸಬೇಕು, ಮುಂದಕ್ಕೆ ಬಿಡಬೇಕು. ಅಕ್ಕನವರು ಹಾಗೇ ಮಾಡಿದರು. ಜಲಪಾತವಿಲ್ಲ, ಗಡಿಯಾರವಿಲ್ಲ, ಮೀನಿಲ್ಲ. ಕಪ್ಪು ಪರದೆಯ ಮೇಲೆ ಬಿಳಿಯ ಒಂದೇ ಸಾಲು ಬಂದು ನಿಂತು, ನೀವು ಯಾರು ಎಂದು ಕೇಳಿತು. ಹೇಳಿದರು. ಚೀಟಿ ಪಟಪಟನೆ ಅಚ್ಚಾಯಿತು. ಚಹಾದ ಲೋಟ ಆಗಷ್ಟೇ ಬಾಯಿಗಿಟ್ಟಿದ್ದ ಡ್ರೈವರುಗಳು ನಾಲಿಗೆ ಸುಟ್ಟುಕೊಂಡು ಬಸ್ಸಿಗೆ ಓಡಿದರು.

ಮರುದಿನ ಮೀನುಗಳು ಮತ್ತೆ ಬಂದವು. ಆ ಮೂರು ಎಂಬ ಅಂಕಿಯ ಬಲ ಒಂದು ಸಲಕ್ಕೆ ಮಾತ್ರ ಎಂಬುದು ಆಗ ತಿಳಿಯಿತು. ಶಾಶ್ವತ ಉಪಾಯಕ್ಕಾಗಿ ಅಕ್ಕನವರು ಮತ್ತೆ ಫೋನು ಹಿಡಿದರು. "ಸಿಸ್ಟಮ್‌ಸಿಟಿಎಲ್ ಸೆಟ್-ಡೀಫಾಲ್ಟ್ ಅಂತ ಹೊಡೀರಿ" ಎಂದ ಆತ. ಹೊಡೆದರು. "ಮುಂದೆ ಮಲ್ಟಿ-ಯೂಸರ್ ಡಾಟ್ ಟಾರ್ಗೆಟ್, ಅದಾದ್ಮೇಲೆ ರೀಬೂಟ್" ಎಂದು, ಅಕ್ಷರದ ಪರದೆಯ ಹೆಸರನ್ನೂ ಮತ್ತೆ ಎಬ್ಬಿಸುವ ಆಜ್ಞೆಯನ್ನೂ ಆತ ಹೇಳುವ ಹೊತ್ತಿಗೆ ಸರಿಯಾಗಿ ಕಿಟಕಿಯಾಚೆ ಬಸ್ಸೊಂದು ಹಾರ್ನು ಬಾರಿಸಿತು. ಹಾರ್ನು ಉಳಿದ ಮಾತನ್ನು ನುಂಗಿತು. ಅಕ್ಕನವರ ಕಿವಿಗೆ ಬಿದ್ದದ್ದು ಡಾಟ್ ಟಾರ್ಗೆಟ್ ಮತ್ತು ರೀಬೂಟ್ ಎರಡೇ. ಎರಡನ್ನೂ ಜೋಡಿಸಿ ರೀಬೂಟ್ ಡಾಟ್ ಟಾರ್ಗೆಟ್ ಎಂದು ಹೊಡೆದು, ಯಂತ್ರವನ್ನು ಆರಿಸಿ ಎಬ್ಬಿಸಿದರು.

ಲಿನಕ್ಸ್ ಎದುರು ಮಾತಾಡುವ ಸ್ವಭಾವದ್ದಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತದೆ. ಎದ್ದ ತಕ್ಷಣ ಮಲಗಿ ಮತ್ತೆ ಏಳುವುದೇ ಇನ್ನು ಮುಂದೆ ತನ್ನ ಕರ್ತವ್ಯವೆಂದು ಅದು ತಿಳಿದುಕೊಂಡಿತು. ಏಳುವುದು, ಮಲಗುವುದು, ಏಳುವುದು, ಮಲಗುವುದು. ಇಣುಕಿ ನೋಡಿದ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್, "ಅಕ್ಕಾ, ಬ್ಯಾಟರಿ ವೀಕು. ತಳ್ಳಿ ಸ್ಟಾರ್ಟ್ ಮಾಡೋಣ್ವಾ?" ಎಂದು ಪ್ರಾಮಾಣಿಕವಾಗಿ ಕೇಳಿದರು. ಅಕ್ಕನವರು ಒಂದು ಗಳಿಗೆ ತಲೆಯ ಮೇಲೆ ಕೈಹೊತ್ತು ಕೂತರು. ಆಮೇಲೆ, ಒಂದು ಸಲಕ್ಕಾದರೂ ಬಲವಿರುವ ಆ ಅಂಕಿಯ ನೆನಪಾಯಿತು. ಪಟ್ಟಿ ಕಂಡ ಕೂಡಲೇ ಇ ಒತ್ತಿ, ಸಾಲಿನ ತುದಿಗೆ ಮೂರು ಸೇರಿಸಿದರು. ಯಂತ್ರ ಏಳುವ-ಮಲಗುವ ವ್ರತ ಬಿಟ್ಟು ಕಪ್ಪು ಪರದೆಗೆ ಬಂದು ನಿಂತಿತು. ಈ ಸಲ ಆಜ್ಞೆಯನ್ನು ಪೂರ್ತಿ ಸರಿಯಾಗಿ ಹೊಡೆದರು. ಅಂದಿನಿಂದ ಅದು ದಿನವೂ ತಾನಾಗಿ ಕಪ್ಪಿಗೇ ಏಳತೊಡಗಿತು.

ಸಾಹೇಬರು ಬಂದು ನೋಡಿದರು. ನಿಂತಲ್ಲೇ ಟೋಪಿ ತೆಗೆದರು.

"ಹೋಯ್ತಾ?"

"ಇಲ್ಲ ಸಾರ್, ಈಗಲೇ ಸರಿಯಾಗಿರೋದು."

"ಇದು ಸರಿಯಾಗಿರೋದಾ? ಕರೆಂಟ್ ಹೋದ ಮನೆ ಇದ್ದ ಹಾಗಿದೆ. ಏಳಿ, ನಾನು ನೋಡ್ತೀನಿ."

ಸಾಹೇಬರು ಕೂತು ತಮ್ಮ ಹೆಸರು ಹೊಡೆದರು, ಅದು ಕಂಡಿತು. ಗುಪ್ತಪದ ಹೊಡೆದರು, ಏನೂ ಕಾಣಲಿಲ್ಲ. ಚಿತ್ರದ ಪರದೆಯಲ್ಲಾದರೆ ಅಕ್ಷರಕ್ಕೊಂದು ಚುಕ್ಕಿ ಬೀಳುತ್ತದೆ. ಕಪ್ಪು ಪರದೆ ಚುಕ್ಕಿಯನ್ನೂ ತೋರಿಸುವುದಿಲ್ಲ. "ಕಾಣಲ್ಲ ಸಾರ್, ಆದ್ರೆ ಹೋಗ್ತಿರುತ್ತೆ" ಎಂದು ಅಕ್ಕನವರು ಹೇಳುವಷ್ಟರಲ್ಲಿ ಸಾಹೇಬರು ಕೀಲಿಗಳನ್ನು ಗುದ್ದತೊಡಗಿದ್ದರು. ಕೀಬೋರ್ಡು ಸತ್ತಿದೆಯೆಂದು ಉಗ್ರಾಣದಿಂದ ಇನ್ನೊಂದು ತರಿಸಿದರು, ಅದೂ ಸತ್ತಿತ್ತು, ಮತ್ತೊಂದು ತರಿಸಿದರು. ಉಗ್ರಾಣದಲ್ಲಿರುವ ಕೀಬೋರ್ಡುಗಳೆಲ್ಲ ಸತ್ತಿವೆ ಎಂದು ಅವರು ಉಗ್ರಾಣದವರನ್ನು ಬೈದದ್ದು ನಮ್ಮ ಡಿಪೋದ ಚರಿತ್ರೆಯಲ್ಲಿ ಇಂದಿಗೂ ಉಗ್ರಾಣದವರು ಮರೆಯದ ಅಧ್ಯಾಯ. ಹಾಗಿದ್ದೂ ಚೀಟಿ ಹೊತ್ತಿಗೆ ಬರುತ್ತಿದ್ದುದರಿಂದ ಅವರು ಬಾಯಿ ಬಿಗಿಹಿಡಿದು, ಒಂದು ಕಾರಣ ಸಿಗಲೆಂದು ಕಾದರು.

ಕಾರಣ ಬೇಗನೆ ಸಿಕ್ಕಿತು, ಅದೂ ಅಕ್ಕನವರ ಕೈಯಿಂದಲೇ. ಆ ಕಪ್ಪು ಪರದೆಗೆ ನಮ್ಮ ಲಿಪಿ ಬರುತ್ತಿರಲಿಲ್ಲ. ಅಚ್ಚಾದ ಚೀಟಿಯಲ್ಲಿ ಹೆಸರುಗಳು ಮುದ್ದಾಗಿ ಬರುತ್ತಿದ್ದವು. ಪರದೆಯ ಮೇಲೆ ಮಾತ್ರ ಪ್ರತಿ ಹೆಸರೂ ಚಿಕ್ಕಚಿಕ್ಕ ಚೌಕಗಳ ಸಾಲು. ಡಿಪೋದ ಅಷ್ಟೂ ಸಿಬ್ಬಂದಿ ಅಕ್ಕನವರ ಕಣ್ಣಿಗೆ ಚೌಕಗಳಾದರು. ಎದೆಯ ಬಿಲ್ಲೆಯ ಅಂಕಿ ನೋಡಿ ಡ್ಯೂಟಿ ಹಾಕುವುದೊಂದೇ ದಾರಿ. ಇದರಿಂದ ಆದ ಮೊದಲ ಅನಾಹುತವೆಂದರೆ ಡಿಪೋದಲ್ಲಿ ನ್ಯಾಯ ನೆಲೆಸಿತು. ಸಾಹೇಬರ ಮನೆಗೆ ತರಕಾರಿ ಮುಟ್ಟಿಸುತ್ತಿದ್ದ ಡ್ರೈವರಿಗೆ ಗುಂಡಿಗಳ ಮಾರ್ಗ ಬಿತ್ತು. ಯಾರಿಗೂ ಏನೂ ಮುಟ್ಟಿಸದ ಬಡಪಾಯಿಯೊಬ್ಬನಿಗೆ ನುಣುಪಾದ ಹೆದ್ದಾರಿ ಬಿದ್ದು, ಅವನು ಇದು ತನ್ನ ಚೀಟಿಯಲ್ಲವೆಂದು ವಾಪಸು ಕೊಡಲು ಬಂದ.

ಎರಡನೆಯ ಅನಾಹುತ ದೊಡ್ಡದು. ನಮ್ಮಲ್ಲಿ ಬ್ರೇಕಣ್ಣ ಎಂದು ಕರೆಸಿಕೊಳ್ಳುವ ಡ್ರೈವರೂ ಸೀಟಿಯಪ್ಪ ಎಂದು ಕರೆಸಿಕೊಳ್ಳುವ ಕಂಡಕ್ಟರೂ ಷಡ್ಡಕರು, ಅಕ್ಕತಂಗಿಯರನ್ನು ಮದುವೆಯಾದವರು. ಎರವಲು ಹೋದ ಏಣಿಯೊಂದು ಒಂದು ಮೆಟ್ಟಿಲು ಕಳೆದುಕೊಂಡು ವಾಪಸು ಬಂದಂದಿನಿಂದ ಇಬ್ಬರಿಗೂ ಮಾತಿಲ್ಲ, ವರ್ಷಗಳಾಗಿದ್ದವು. ಇಬ್ಬರನ್ನೂ ಒಂದೇ ಬಸ್ಸಿಗೆ ಹಾಕಬಾರದೆಂಬುದು ಅಕ್ಕನವರು ಎಂದೂ ತಪ್ಪದ ನೇಮ. ಚೌಕಗಳ ನಡುವೆ ಆ ನೇಮ ತಪ್ಪಿತು. ತಪ್ಪಿದ್ದೂ ದಾದಿಯರ ಮೊದಲ ಬಸ್ಸಿಗೇ.

ಚೀಟಿ ಓದಿದ ಇಬ್ಬರೂ ಕಿಟಕಿಗೆ ಬಂದರು. ಒಬ್ಬರಿಗೊಬ್ಬರು ಬೆನ್ನು ಮಾಡಿ ನಿಂತರು.

"ಅಕ್ಕಾ, ಈ ಮನುಷ್ಯನ ಜೊತೆ ನಾನು ಗಾಡಿ ಓಡ್ಸಲ್ಲ."

"ಅಕ್ಕಾ, ಆ ಮನುಷ್ಯ ಓಡ್ಸಿದ್ರೆ ನಾನು ಟಿಕೆಟ್ ಹರಿಯಲ್ಲ."

ತಪ್ಪು ತಮ್ಮದೇ ಎಂದು ಅಕ್ಕನವರಿಗೆ ಗೊತ್ತಿತ್ತು. ಆದರೆ ಎರಡು ಹೆಸರು ಬದಲಿಸಬೇಕೆಂದರೆ ಅರ್ಧ ಡಿಪೋದ ಜೋಡಿಗಳನ್ನು ಅಲುಗಾಡಿಸಬೇಕು. ಅಷ್ಟರಲ್ಲಿ ಗುಡ್ಡದ ಮೇಲೆ ರಾತ್ರಿಪಾಳಿಯವರು ಗೋಡೆಗೊರಗಿ ನಿಂತಿರುತ್ತಾರೆ. "ಮಾತಾಡಿ ಅಂತ ನಾನು ಹೇಳಿದ್ನಾ?" ಎಂದರು. "ನೀವು ಓಡಿಸೋಕೆ ಕೈಕಾಲು ಸಾಕು, ಇವರು ನಿಲ್ಸೋಕೆ ಸೀಟಿ ಸಾಕು. ಸಂಜೆ ಬಂದು ನನ್ನನ್ನ ಬೈಕೊಳ್ಳಿ. ಈಗ ಹೊರಡಿ." ಇಬ್ಬರೂ ಹೊರಟರು. ಹೊರಡುವ ಮುನ್ನ ಒಬ್ಬರಿಗೊಬ್ಬರು ತಿಳಿಯದಂತೆ ಬೇರೆಬೇರೆಯಾಗಿ ಸಾಹೇಬರಿಗೆ ದೂರು ಹೇಳಿ ಹೋದರು. ಸಾಹೇಬರು ಕಾದದ್ದು ಇದಕ್ಕೇ. ಬೆಳಗ್ಗೆ ಹನ್ನೊಂದಾಗುವ ಮೊದಲೇ ಅಕ್ಕನವರನ್ನು ಕಳೆದುಹೋದ ವಸ್ತುಗಳ ಕೋಣೆಗೆ ವರ್ಗ ಮಾಡಿ, ತಾವೇ ಕೂತು, ಕೇಂದ್ರ ಕಚೇರಿಗೆ ಫೋನು ಮಾಡಿ ಕೇಳಿಕೊಂಡು, ಮೀನುಗಳನ್ನು ಮರಳಿ ತಂದರು.

ಅತ್ತ ಬಸ್ಸಿನಲ್ಲಿ ನಡೆದದ್ದನ್ನು ಹಿರಿಯ ದಾದಿಯವರು ಎಷ್ಟೋ ಸಲ ಬಣ್ಣಿಸಿದ್ದಾರೆ. ಸೀಟಿಯಪ್ಪ ಅವರ ಬಳಿ ಬಂದು, "ಸಿಸ್ಟರ್, ಮುಂದೆ ರಸ್ತೆ ಅಗೆದಿದ್ದಾರಂತೆ, ಆ ಡ್ರೈವರ್‌ಗೆ ಹೇಳಿ" ಎನ್ನುವುದು. ಅವರು ಎದ್ದು ಹೋಗಿ ಹೇಳುವುದು. ಬ್ರೇಕಣ್ಣ, "ಕಣ್ಣಿದೆ ಅಂತ ಆ ಕಂಡಕ್ಟರ್‌ಗೆ ಹೇಳಿ" ಎನ್ನುವುದು. ಹೀಗೆ ಗುಡ್ಡ ಹತ್ತಿದರು. ಆಸ್ಪತ್ರೆಯ ಅಂಗಳದಲ್ಲಿ ಬಸ್ಸನ್ನು ಹಿಂದಕ್ಕೆ ಸರಿಸಿ ತಿರುಗಿಸಿಕೊಳ್ಳಬೇಕು. ಹಿಂದೆ ಗೋಡೆ, ಗೋಡೆಯ ಬುಡದಲ್ಲಿ, ವಾರ್ಡಿನ ಹೊಣೆಯಿಲ್ಲದೆ ಮೊದಲೇ ಹೊರಬಂದು, ಮನೆಗೆ ಹೋಗಲು ಕಾದು ಕಾದು ಬೆಂಚಿನ ಮೇಲೆ ನಿದ್ದೆಹೋದ ರಾತ್ರಿಪಾಳಿಯ ಕೆಲವು ದಾದಿಯರು. ಸೀಟಿಯಪ್ಪ ಇಳಿದು ಹಿಂದೆ ನಿಂತು ಸೀಟಿ ಊದುತ್ತ ಬಸ್ಸನ್ನು ಹಿಂದಕ್ಕೆ ಕರೆದ. ಹತ್ತಿರ ಬಂತು. ನಿಲ್ಲಿಸಲು ಉದ್ದಕ್ಕೆ ಊದಬೇಕು. ಉಸಿರೆಳೆದುಕೊಳ್ಳುವ ಭರದಲ್ಲಿ ಸೀಟಿ ಬಾಯಿಂದ ಜಾರಿ ಚರಂಡಿಗೆ ಬಿತ್ತು. ಬಸ್ಸು ಬರುತ್ತಲೇ ಇತ್ತು.

"ಷಡ್ಡಕಾ! ನಿಲ್ಸೋ!"

ವರ್ಷಗಳಿಂದ ಕಟ್ಟಿಟ್ಟ ದನಿಯೆಲ್ಲ ಒಮ್ಮೆಗೇ ಹೊರಬಂದಿತ್ತು. ಬ್ರೇಕಣ್ಣ ತನ್ನ ಹೆಸರಿಗೆ ತಕ್ಕಂತೆ ನಿಲ್ಲಿಸಿದ. ಬಂಪರಿಗೂ ಬೆಂಚಿಗೂ ನಡುವೆ ಒಂದು ಗೇಣು. ಬೆಂಚಿನ ಮೇಲಿದ್ದವರಲ್ಲಿ ಒಬ್ಬಳು ಕಣ್ಣುಬಿಟ್ಟು, "ಬಸ್ ಬಂತಾ?" ಎಂದಳು. ಬ್ರೇಕಣ್ಣ ಇಳಿದು ಹಿಂದಕ್ಕೆ ಬಂದು, ಆ ಗೇಣನ್ನು ನೋಡಿ, ಬೆಂಚಿನ ಅಂಚಿನಲ್ಲಿ ಕೂತ. ಸೀಟಿಯಪ್ಪ ಪಕ್ಕದಲ್ಲಿ ಕೂತ.

"ಆ ಏಣಿ ನಾನು ಕೊಡುವಾಗಲೇ ಬಿರುಕಿತ್ತು ಕಣೋ" ಎಂದ ಬ್ರೇಕಣ್ಣ.

"ಗೊತ್ತು. ಬಿದ್ದವನು ನಾನಲ್ವಾ" ಎಂದ ಸೀಟಿಯಪ್ಪ.

ಹಿರಿಯ ದಾದಿ ಇಬ್ಬರಿಗೂ ನೀರು ಕುಡಿಸಿ, ಇಬ್ಬರ ನಾಡಿಯನ್ನೂ ನೋಡಿ, ಇಬ್ಬರನ್ನೂ ಸಮನಾಗಿ ಬೈದು ಕಳಿಸಿದರು. ಮಧ್ಯಾಹ್ನ ಷಡ್ಡಕರಿಬ್ಬರೂ ದೂರು ವಾಪಸು ತೆಗೆದುಕೊಳ್ಳಲು ಒಟ್ಟಿಗೇ ಡಿಪೋಗೆ ಬಂದರೆ ಕಿಟಕಿಯ ಹಿಂದೆ ಅಕ್ಕನವರ ಬದಲು ಮೀನುಗಳಿದ್ದವು.

ಕಳೆದುಹೋದ ವಸ್ತುಗಳ ಕೋಣೆಯಲ್ಲಿ ಅಕ್ಕನವರು ಸುಮ್ಮನೆ ಕೂರಲಿಲ್ಲ. ಕೊಡೆಗಳನ್ನು ಬಣ್ಣದ ಪ್ರಕಾರ, ಒಂಟಿ ಚಪ್ಪಲಿಗಳನ್ನು ಎಡಬಲದ ಪ್ರಕಾರ ಜೋಡಿಸಿದರು. ಆದರೆ ಮನಸ್ಸು ನೊಂದಿತ್ತು. ಅವರ ಯಜಮಾನರು ಕೈಗಡಿಯಾರ ರಿಪೇರಿ ಮಾಡುವವರು, ಮಿತಭಾಷಿ. ಆ ಸಂಜೆ ಹೆಂಡತಿ ಊಟ ಬಿಟ್ಟು ಕೂತದ್ದನ್ನು ಕಂಡು, "ತಪ್ಪು ಮಾಡಿದ್ಯಾ?" ಎಂದು ಕೇಳಿದರಂತೆ. "ಜೋಡಿ ಹಾಕಿದ್ದು ತಪ್ಪು. ಪರದೆ ಕಪ್ಪು ಮಾಡಿದ್ದು ತಪ್ಪಲ್ಲ" ಎಂದರು ಅಕ್ಕನವರು. "ಹಾಗಾದ್ರೆ ತಪ್ಪಿನ ಪಾಲಿಗೆ ಅರ್ಧ ಊಟ ಬಿಡು, ಉಳಿದರ್ಧ ಮಾಡು" ಎಂದು ಅವರು ತಟ್ಟೆ ಮುಂದಿಟ್ಟರು.

ಮೀನುಗಳ ರಾಜ್ಯ ಹೆಚ್ಚು ದಿನ ಬಾಳಲಿಲ್ಲ. ಅಕ್ಕನವರ ಜಾಗದಲ್ಲಿ ಬೆಳಗ್ಗೆ ತಾವೇ ಕೂರುವ ಹಟ ಮಾಡಿದ ಸಾಹೇಬರಿಗೆ ಕಿಟಕಿಯಾಚೆಯ ಮುಖಗಳನ್ನು ಮೊದಲ ಬಾರಿಗೆ ಹತ್ತಿರದಿಂದ ನೋಡುವ ಯೋಗ ಬಂತು. ಬಸ್ಸು ತಡವಾದ ಮೊದಲ ದಿನವೇ ಹಿರಿಯ ದಾದಿ ಬಂದರು. ಬೈಯಲಿಲ್ಲ. ಒಳಗೆ ಬಂದು ಸಾಹೇಬರ ಪಕ್ಕದ ಕುರ್ಚಿಯಲ್ಲಿ ಕೂತು, ಜಲಪಾತ ಇಳಿಯುವುದನ್ನೂ ಮೀನು ಮೂಡುವುದನ್ನೂ ಕೊನೆಯವರೆಗೆ ನೋಡಿ, "ಚೆನ್ನಾಗಿದೆ ಸಾರ್. ನಿಮಗೇನಾದ್ರೂ ಆಗಿ ನಮ್ಮ ವಾರ್ಡಿಗೆ ಬಂದ್ರೆ, ಇಷ್ಟೇ ನಿಧಾನವಾಗಿ ನೋಡ್ಕೋತೀವಿ" ಎಂದು ಎದ್ದು ಹೋದರು.

ಆ ದಿನವೇ ಸಾಹೇಬರು ಕೊಡೆಗಳ ನಡುವೆ ದಾರಿ ಮಾಡಿಕೊಂಡು ಅಕ್ಕನವರ ಮುಂದೆ ಬಂದು ನಿಂತರು. ಒಂದು ಕೊಡೆಯನ್ನು ಬಿಚ್ಚಿ ಮುಚ್ಚಿ, ಕೊನೆಗೆ ಹೇಳಿದರು:

"ಅದನ್ನ ಮತ್ತೆ ಕಪ್ಪು ಮಾಡಿಕೊಡಿ ಅಕ್ಕಾ."

ಅವರು ಅಕ್ಕನವರನ್ನು ಅಕ್ಕ ಎಂದು ಕರೆದದ್ದು ಅದೇ ಮೊದಲು. ಗೆದ್ದವರು ಬೀಗುವುದುಂಟು, ಅಕ್ಕನವರು ಬೀಗಲಿಲ್ಲ. ಕಪ್ಪು ಮಾಡಿದರು, ಸಿಬ್ಬಂದಿಯ ಹೆಸರುಗಳನ್ನು ಆ ಪರದೆಗೆ ಅರ್ಥವಾಗುವ ಇಂಗ್ಲಿಷ್ ಲಿಪಿಯಲ್ಲಿ ತಾವೇ ಕೂತು ಮತ್ತೆ ತುಂಬಿಸಿ ಚೌಕಗಳನ್ನು ಅಳಿಸಿದರು. ಅದಾದ ಮೇಲೆ ಸಾಹೇಬರಿಗಾಗಿ ಒಂದು ಉಪಾಯ ಹುಡುಕಿದರು. ಯಂತ್ರ ಏಳುವುದು ಕಪ್ಪಿಗೇ ಆದರೂ, ಒಂದು ಆಜ್ಞೆ ಕೊಟ್ಟರೆ ಬೇಕೆಂದಾಗ ಚಿತ್ರದ ಪರದೆ ಬರುತ್ತದೆ. ಚೀಟಿಗಳೆಲ್ಲ ಮುಗಿದ ಮಧ್ಯಾಹ್ನ ಸಾಹೇಬರು ಕಿಟಕಿಯ ಬಳಿ ಸುಳಿದಾಡಿ, "ಅಕ್ಕಾ, ಸ್ವಲ್ಪ ಮೀನು ಬಿಡ್ತೀರಾ?" ಎನ್ನುತ್ತಿದ್ದರು. ಅಕ್ಕನವರು ಬಿಡುತ್ತಿದ್ದರು. ತಮಗೆ ವರ್ಗವಾಗಿ ಹೋಗುವವರೆಗೂ ಸಾಹೇಬರು ದಿನವೂ ಅರ್ಧ ಗಂಟೆ ಅದರ ಮುಂದೆ ಕೂತು, ಬೇರೆ ಮನುಷ್ಯರಾಗಿ ಎದ್ದು ಹೋಗುತ್ತಿದ್ದರು.

ಕಳೆದ ವರ್ಷ ಹೊಸ ಯಂತ್ರ ಬಂತು. ಗುಂಡಿ ಒತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬಣ್ಣಬಣ್ಣವಾಗಿ ಏಳುತ್ತದೆ. ಹೆಸರುಗಳೆಲ್ಲ ನಮ್ಮ ಲಿಪಿಯಲ್ಲೇ ಹೊಳೆಯುತ್ತವೆ. ಅಕ್ಕನವರು ಅದನ್ನೂ ಕಪ್ಪು ಮಾಡುತ್ತಾರೆಂದು ನಾವೆಲ್ಲ ಸುತ್ತ ನೆರೆದಿದ್ದೆವು. ಅವರು ಒಮ್ಮೆ ಎಬ್ಬಿಸಿ ನೋಡಿದರು, ಚೀಟಿ ಅಚ್ಚಾಗುವ ಹೊತ್ತನ್ನು ನೋಡಿದರು, "ಇದು ಹೀಗೇ ಇರ್ಲಿ, ಚೆನ್ನಾಗಿದೆ" ಎಂದು ಕೆಲಸಕ್ಕೆ ಕೂತರು. ಕಪ್ಪು ಪರದೆಯ ಮೇಲೆ ಅವರಿಗೆ ಮೋಹವಿದೆಯೆಂದು ತಿಳಿದಿದ್ದ ನಾವು ಪೆಚ್ಚಾದೆವು. ಅವರಿಗೆ ಬೇಕಿದ್ದದ್ದು ಬಸ್ಸು ಹೊರಡುವುದು ಮಾತ್ರ.

ನಿವೃತ್ತಿಯ ನಂತರ ಏನು ಮಾಡುವಿರೆಂದು ಕೇಳಿದಾಗ ಅಕ್ಕನವರು ನಾಚುತ್ತ ಒಂದು ಸಂಗತಿ ಹೇಳಿದರು. ಇಷ್ಟು ಸಾವಿರ ಬಸ್ಸುಗಳನ್ನು ರಸ್ತೆಗೆ ಕಳಿಸಿದ ಅವರಿಗೆ ಒಂದು ಸೈಕಲ್ಲೂ ಓಡಿಸಲು ಬರುವುದಿಲ್ಲ. ಈಗ ಕಾರು ಕಲಿಯಲು ಸೇರಿದ್ದಾರೆ. ಕಲಿಸುವ ಮೇಡಂ ಮೊದಲ ವಾರದಲ್ಲೇ ಎರಡು ಸಲ ರಜೆ ಹಾಕಿದ್ದಾರಂತೆ. ಪಕ್ಕದಲ್ಲಿ ಕೂರುವ ಯಜಮಾನರು ಮಿತಭಾಷೆಯನ್ನು ಪೂರ್ತಿ ಬಿಟ್ಟಿದ್ದಾರಂತೆ. ಹಿಡಿದದ್ದನ್ನು ಬಿಡದ ಅವರ ಛಲ ಬಲ್ಲ ನಮಗೆ, ಅವರು ಕಲಿತೇ ತೀರುತ್ತಾರೆಂಬುದರಲ್ಲಿ ಸಂಶಯವಿಲ್ಲ. ನಮ್ಮ ಅಕ್ಕನವರಿಗೆ ಆರೋಗ್ಯ ತುಂಬಿದ ದೀರ್ಘಾಯುಷ್ಯವಾಗಲಿ, ಅವರ ಮುಂದಿನ ದಾರಿ ಅಗಲವಾಗಿ, ನೇರವಾಗಿ, ಸಾಧ್ಯವಾದಷ್ಟು ನಿರ್ಜನವಾಗಿರಲಿ. ಮತ್ತು ಅವರು ಸಂಜೆ ಅಭ್ಯಾಸ ಮಾಡುವ ಬೀದಿಯಲ್ಲೇ ನಡೆದು ಮನೆ ಸೇರಬೇಕಾದ ನಮ್ಮೆಲ್ಲರಿಗೂ ಅದೇ ದೀರ್ಘಾಯುಷ್ಯ ದೊರೆಯಲಿ.